ಮಕ್ಕಳಿಗೆ ಸೋಲಿನ ಭಯ ಹಾಕಬೇಡಿ

ಮಾನ್ಯರೇ,

ಈಚೆಗೆ ಕಲಬುರಗಿಯಲ್ಲಿ ಶಾಲಾ ಮಕ್ಕಳ ಹಾಕಿ ಸೆಮಿಫೈನಲ್ ನೋಡಿದೆ. ಲೀಗ್‌ನಲ್ಲಿ ಆರಾಮಾಗಿ ಗೆದ್ದಿದ್ದ ತಂಡ ಅಂದು ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿಯ ತಪ್ಪಿಗೆ ಸಿಗುವ ಗೋಲಿನ ಅವಕಾಶ) ಚೆಂಡು ನಿಲ್ಲಿಸಲೂ ತಡವರಿಸಿತು. ಪ್ರತಿ ತಪ್ಪಿಗೂ ಹೊರಗಿನಿಂದ ಪೋಷಕರ ಕೂಗಾಟ. ಒಬ್ಬ ಹುಡುಗ ಚೆಂಡಿಗಿಂತ ಜಾಸ್ತಿ ಅಪ್ಪನ ಮುಖವನ್ನೇ ನೋಡುತ್ತಿದ್ದ. ಕರುಳು ಚುರ್ ಎಂದಿತು.

ದೊಡ್ಡವರಿಗೂ ಈ ಒತ್ತಡ ತಪ್ಪಿದ್ದಲ್ಲ. 2023ರ ಪುರುಷರ ಹಾಕಿ ವಿಶ್ವಕಪ್ ಒಡಿಶಾದಲ್ಲೇ ನಡೆಯಿತು. ತವರಿನ ಜನ, ಭಾರೀ ನಿರೀಕ್ಷೆ. ನ್ಯೂಜಿಲೆಂಡ್ ಎದುರು 3–1ರಿಂದ ಮುಂದಿದ್ದ ಭಾರತ 3–3ಕ್ಕೆ ಇಳಿದು, ಶೂಟೌಟ್‌ನಲ್ಲಿ (ಸಮವಾದಾಗ ಆಟಗಾರರು ಒಬ್ಬೊಬ್ಬರಾಗಿ ಗೋಲ್‌ಕೀಪರ್ ಎದುರು ಗೋಲಿಗೆ ಯತ್ನಿಸುವುದು) ಸೋತಿತು. ಕ್ವಾರ್ಟರ್ ಫೈನಲ್ ಕೂಡ ಸಿಗಲಿಲ್ಲ. ಆಮೇಲೆ ಮನಸ್ಸಿನ ತಯಾರಿಗೆಂದೇ ಮಾನಸಿಕ ತರಬೇತುದಾರ ಪ್ಯಾಡಿ ಅಪ್ಟನ್ ಅವರನ್ನು ಕರೆಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ ನೆನಪಿದೆ ಅಲ್ವಾ? ನಮ್ಮ ಆಟಗಾರ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿತ್ತು, ಮೈದಾನ ಬಿಡಬೇಕಾಯಿತು. 40ಕ್ಕೂ ಹೆಚ್ಚು ನಿಮಿಷ 10 ಮಂದಿಯೇ ಆಡಿದರು. ಆದರೂ ಬ್ರಿಟನ್ ವಿರುದ್ಧ 1–1 ಕಾಯ್ದುಕೊಂಡು, ಶೂಟೌಟ್ 4–2ರಿಂದ ಗೆದ್ದರು. ಅಪ್ಟನ್ ಒಬ್ಬರೇ ಗೆಲ್ಲಿಸಿದರು ಎನ್ನಲಾರೆ. ಗೋಲಿನಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಇದ್ದರು.

ನಮ್ಮ ಶಾಲೆಗಳಲ್ಲಿ ಶೂಟೌಟ್ ಅಭ್ಯಾಸ ವಾರಕ್ಕೊಮ್ಮೆಯಾದರೂ ಇರಲಿ. ದೈಹಿಕ ಶಿಕ್ಷಕರು ಪಂದ್ಯಕ್ಕೆ ಮೊದಲು ಪೋಷಕರನ್ನೂ ಕೂರಿಸಿ ಮಾತಾಡಲಿ. ಸೋತ ದಿನ ಮಗುವನ್ನು ಬೈಯದೆ ಮನೆಗೆ ಕರೆದುಕೊಂಡು ಹೋಗಿ ಸಾಕು.

– ಹಾಕಿ ಅಭಿಮಾನಿ, ಕಲಬುರಗಿ