ಅಭ್ಯಾಸ ಮಂದಿರದ ಚಾವಣಿ ದುರಸ್ತಿಗೆ ದೇಣಿಗೆ ಮನವಿ

ಮಾನ್ಯ ದಾನಿಗಳೇ, ಹಿತೈಷಿಗಳೇ,

ಕಳೆದ ವಾರದ ಮಳೆಗೆ ನಮ್ಮ ಸಂಗೀತ ಶಾಲೆಯ ಅಭ್ಯಾಸ ಮಂದಿರದ ಚಾವಣಿ ಸೋರಿ, ಮಕ್ಕಳ ಪಿಟೀಲುಗಳು ಅಂಟು ಬಿಟ್ಟಿವೆ, ಗೋಡೆಯ ಹಲಗೆಗಳು ಉಬ್ಬಿಕೊಂಡಿವೆ. ಮುಂದಿನ ತಿಂಗಳು ಹೊಸ ತರಗತಿಗಳು ಆರಂಭವಾಗುವುದರೊಳಗೆ ದುರಸ್ತಿ ಮುಗಿಯಲೇಬೇಕು.

ಶಾಲೆ ಬೆಳೆದುಬಂದ ಬಗೆ ತಮಗೆ ತಿಳಿದದ್ದೇ. ನಮ್ಮ ಗುರುಗಳು ನರವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಹಗಲೆಲ್ಲ ಪ್ರಯೋಗಾಲಯದಲ್ಲಿ ಮಿದುಳು ಲಯವನ್ನು ಹಿಡಿಯುವ ಬಗೆಯನ್ನು ಅಭ್ಯಸಿಸಿ, ಸಂಜೆ ಪಿಟೀಲು ಹಿಡಿದು ನಮ್ಮ ಮಕ್ಕಳೆದುರು ಕೂರುತ್ತಾರೆ. ವಿಶ್ವವಿದ್ಯಾಲಯದ ಪಾಠಕ್ಕೂ ವಾದ್ಯ ಜೊತೆಗಿರುತ್ತದೆ. ತಂತಿವಾದ್ಯ ನುಡಿಸುವವರ ಮಿದುಳಿನಲ್ಲಿ ಎಡಗೈ ಬೆರಳುಗಳ ಪಾಲಿನ ಜಾಗ ಹಿಗ್ಗಿರುತ್ತದೆ, ಎಳವೆಯಲ್ಲೇ ಕಲಿತವರಲ್ಲಿ ಇನ್ನೂ ಹೆಚ್ಚು ಎಂದು 1995ರಲ್ಲಿ ಪ್ರಕಟವಾದ ಅಧ್ಯಯನವನ್ನು ಅವರು ತಂತಿಯ ಮೇಲೆ ಬೆರಳೋಡಿಸುತ್ತಲೇ ವಿವರಿಸುತ್ತಾರೆ. ಅಂಥ ವಿದ್ವತ್ತು, ಅಂಥ ಕೈ ಒಬ್ಬರಲ್ಲೇ ಕೂಡಿರುವುದು ನಮ್ಮ ಭಾಗ್ಯ. ಕಛೇರಿಗಳಿಂದ ಬಂದ ಸಂಭಾವನೆಯನ್ನು ಅವರು ಶಾಲೆಗೇ ಕೊಡುತ್ತಾ ಬಂದಿದ್ದಾರೆ.

ನಮಗೆ ಎಲ್ಲಕ್ಕಿಂತ ಹೆಮ್ಮೆಯದು ಶನಿವಾರದ ತರಗತಿ. ಪಾರ್ಶ್ವವಾಯುವಿನಿಂದ ಮಿದುಳಿನ ಎಡಭಾಗಕ್ಕೆ ಹಾನಿಯಾಗಿ ಮಾತು ಕಳೆದುಕೊಂಡವರು ಅಲ್ಲಿಗೆ ಬರುತ್ತಾರೆ. ಬುದ್ಧಿ ನೆಟ್ಟಗಿದ್ದೂ ಬಾಯಾರಿಕೆಯೆಂದು ಹೇಳಲಾಗದ ಸಂಕಟ ಅವರದು. ಇಂಥವರಲ್ಲಿ ಹಲವರಿಗೆ ಮಾತು ಹೊರಡದಿದ್ದರೂ ಹಾಡು ಹೊರಡುತ್ತದೆ. ಅದನ್ನೇ ಆಧರಿಸಿ 1970ರ ದಶಕದಲ್ಲಿ ರೂಪುಗೊಂಡ ಚಿಕಿತ್ಸಾಕ್ರಮವನ್ನು ಗುರುಗಳು ವಾಕ್ ಚಿಕಿತ್ಸಕರೊಂದಿಗೆ ಇಲ್ಲಿ ನಡೆಸುತ್ತಾರೆ. 'ನೀರು ಬೇಕು' ಎಂಬಷ್ಟನ್ನು ಏರಿಳಿವ ಎರಡೇ ಸ್ವರಗಳಲ್ಲಿ, ಅಕ್ಷರಕ್ಕೊಮ್ಮೆ ಎಡಗೈಯಿಂದ ಮೇಜು ತಟ್ಟಿಸುತ್ತಾ, ನಿಧಾನವಾಗಿ ಹಾಡಿಸುತ್ತಾರೆ. ಅಭ್ಯಾಸ ಕುದುರಿದಂತೆ ರಾಗವನ್ನು ಕಡಿಮೆ ಮಾಡಿ ಮಾತಿನತ್ತ ತರುತ್ತಾರೆ. ಎಲ್ಲರಿಗೂ ಫಲಿಸುವುದಿಲ್ಲ, ಫಲಿಸಿದಾಗ ಮನೆಯವರು ಅಳುವುದನ್ನು ಕಂಡಿದ್ದೇವೆ. ಈಗ ಆ ತರಗತಿ ಮೊಗಸಾಲೆಯಲ್ಲಿ ನಡೆಯುತ್ತಿದೆ. ಹೊರಗಿನ ಗದ್ದಲದಲ್ಲಿ ಮೆಲುದನಿಯ ಸ್ವರ ಅವರಿಗೆ ಕೇಳಿಸದು. ಬಂದವರನ್ನು ಹಾಗೆಯೇ ಹಿಂದಕ್ಕೆ ಕಳುಹಿಸಬೇಕಾಗಿ ಬಂದದ್ದು ನಮಗೆ ಬಹಳ ನೋವು ತಂದಿದೆ.

ಚಾವಣಿ, ಹಲಗೆ, ವಾದ್ಯಗಳ ದುರಸ್ತಿ ಸೇರಿ ತಗಲುವ ವೆಚ್ಚದಲ್ಲಿ ಸುಮಾರು ಅರ್ಧ ಕೈಸೇರಿದೆ. ಉಳಿದದ್ದಕ್ಕೆ ತಮ್ಮನ್ನೇ ನಂಬಿದ್ದೇವೆ. ಹಣ ಕೊಡಲಾಗದವರು ಬಳಸದೆ ಇಟ್ಟ ಪಿಟೀಲುಗಳನ್ನು ಕೊಟ್ಟರೂ ಸಂತೋಷ. ದೇಣಿಗೆಯನ್ನು ಈ ತಿಂಗಳ ಕೊನೆಯೊಳಗೆ ಶಾಲೆಯ ಕಚೇರಿಗೆ ತಲುಪಿಸಿ ರಸೀದಿ ಪಡೆಯಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಧರ್ಮದರ್ಶಿ ಮಂಡಳಿ