ಹರಿದ ಸ್ಪೀಕರ್ ಬಿಸಾಕುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ಗಣಪತಿ ಹಬ್ಬ ಹತ್ತಿರ ಬಂತು. ನಮ್ಮ ಮಲೆನಾಡಿನ ಊರುಗಳ ಭಜನೆ ಮನೆ, ಸಮುದಾಯ ಭವನಗಳಲ್ಲಿ ಸ್ಪೀಕರ್ ಕೂರಿಸುವ ಕೆಲಸ ಈಗ ಜೋರು. ಅದಕ್ಕೇ ಈ ಪತ್ರ.

ಹೋದ ವರ್ಷ ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಚಂದಾ ಎತ್ತಿ ಎರಡು 12 ಇಂಚಿನ ಸ್ಪೀಕರ್ ತರಿಸಿದ್ದೆವು. ಬಾಕ್ಸ್ ಮಾಡಿದ್ದು ಊರಿನ ಬಡಗಿಯೇ. ಫಿಟ್ ಮಾಡಲು ಪೇಟೆಯಿಂದ ಬಂದ ಹುಡುಗ ಡ್ರಿಲ್ ಮೆಷಿನ್‌ಗೆ ಸ್ಕ್ರೂ ಬಿಟ್ ಸಿಕ್ಕಿಸಿ ಸರಸರ ತಿರುಗಿಸುತ್ತಾ ಬಂದ. ಮೂರು ಸ್ಕ್ರೂ ಚೆನ್ನಾಗೇ ಕೂತವು. ನಾಲ್ಕನೆಯದರಲ್ಲಿ ಬಿಟ್ ಜಾರಿ ಪರ್ ಅಂತ ಸದ್ದಾಯಿತು ನೋಡಿ, ಸ್ಪೀಕರ್‌ನಲ್ಲಿ ಅದುರಿ ಸದ್ದು ಮಾಡುವ ಕಪ್ಪು ಕೋನ್ ಮೇಲೆ ಒಂದೂವರೆ ಇಂಚು ಸೀಳು! ಹುಡುಗನ ಮುಖ ನೋಡುವ ಹಾಗಿರಲಿಲ್ಲ. ಅವನ ಕೂಲಿಯಲ್ಲೇ ಹಿಡಿದುಕೊಳ್ಳೋಣ ಎಂದವರೂ ಇದ್ದರು. ಅದು ನನಗೆ ಸರಿ ಕಾಣಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಇದು ವಾರಂಟಿಗೆ ಬರಲ್ಲ, ಹೊಸದೇ ತಗೊಳ್ಳಿ" ಎಂದರು. ವಾರಂಟಿ ಮಾತು ಒಪ್ಪುತ್ತೇನೆ. ಹೊಸದೇ ಬೇಕು ಅನ್ನುವುದು ಮಾತ್ರ ಸುಳ್ಳು.

ಕೋನ್ ಅಂದ್ರೆ ಕಾಗದ ಸ್ವಾಮಿ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಕಾಗದದ ಕೋನ್‌ಗೆ ತಂತಿಸುರುಳಿ ಕಟ್ಟಿ ಅಯಸ್ಕಾಂತದ ನಡುವೆ ಕುಣಿಸಿದರಲ್ಲ, ನಮ್ಮ ಭಜನೆ ಮನೆಯಲ್ಲಿ ಇವತ್ತಿಗೂ ಕುಣಿಯುತ್ತಿರುವುದು ಅದೇ. ಕಾಗದ ಹರಿದರೆ ಅಂಟಿಸಬಹುದು, ಅಲ್ವಾ?

ಮೊದಲು ಒಳಗಿನ ಕಾಯಿಲ್, ಅಂದ್ರೆ ಆ ತಂತಿಸುರುಳಿ, ಸರಿ ಇದೆಯಾ ನೋಡಬೇಕು. ಕೋನ್ ನಡುವಿನ ಗುಬುಟಿನ ಸುತ್ತ ಎರಡೂ ಕೈಯ ಬೆರಳಿಟ್ಟು, ಎಲ್ಲಾ ಕಡೆ ಸಮನಾಗಿ, ಮೆಲ್ಲಗೆ ಒತ್ತಿದೆ. ಕರಕರ ಅನ್ನಲಿಲ್ಲ, ಅಂದ್ರೆ ಕಾಯಿಲ್ ಎಲ್ಲೂ ಉಜ್ಜುತ್ತಿಲ್ಲ. ಮಲ್ಟಿಮೀಟರ್ ಇಟ್ಟರೆ ಸುಮಾರು 6 ಓಮ್ ತೋರಿಸಿತು. 8 ಓಮ್ ಸ್ಪೀಕರ್‌ಗೆ ಅಷ್ಟೇ ಬರುವುದು, ಗಾಬರಿ ಬೇಡ.

ಆಮೇಲೆ ಟಿಶ್ಯೂ ಪೇಪರ್. ಕತ್ತರಿ ಹಾಕದೆ ಕೈಯಲ್ಲೇ ಹರಿದೆ, ಅಂಚಿನ ನಾರು ಕೋನ್‌ಗೆ ಚೆನ್ನಾಗಿ ಕೂರಲಿ ಅಂತ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ, ಸೀಳಿನ ಎರಡೂ ಅಂಚು ಸೇರಿಸಿ, ಹಿಂದೊಂದು ಮುಂದೊಂದು ತೇಪೆ. ಫೆವಿಕ್ವಿಕ್ ಹಾಕಲೇಬೇಡಿ, ಅದು ಗಟ್ಟಿಯಾಗಿ ಮತ್ತೆ ಬಿರಿಯುತ್ತದೆ. ಫೆವಿಕಾಲ್ ಕೂಡ ಜಾಸ್ತಿ ಬಳಿದರೆ ಕೋನ್ ಭಾರವಾಗಿ ಸದ್ದು ಮಂಕಾಗುತ್ತದೆ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಇದು ಒಂದು ರಾತ್ರಿಗೆ ಒಣಗುತ್ತದೆಯೇ? ಹಳೇ ಕಾಲದ ಬಿಸಿಯಾಗುವ ಬಲ್ಬ್ ಒಂದನ್ನು ಸ್ವಲ್ಪ ದೂರದಲ್ಲಿ ಉರಿಸಿ ಎರಡು ದಿನ ಬಿಟ್ಟೆ. ಕಪ್ಪು ಇಂಕು ಸವರಿದ ಮೇಲೆ ತೇಪೆ ಎಲ್ಲಿದೆ ಅಂತ ನಾನೇ ಹುಡುಕಬೇಕು. ಹಬ್ಬದ ಐದು ದಿನವೂ ಹಾಡಿತು.

ನಡುವಿನ ಗುಬುಟು ಒಳಗೆ ಹೋಗಿದ್ದರೆ ಸೆಲೋಟೇಪ್ ಅಂಟಿಸಿ ನಿಧಾನಕ್ಕೆ ಎಳೆದರೆ ಬಹಳ ಸಲ ಎದ್ದು ಬರುತ್ತದೆ. ಬರದಿದ್ದರೂ ದೊಡ್ಡ ಸ್ಪೀಕರ್‌ನಲ್ಲಿ ಅದು ಬರೀ ಅಂದದ ವಿಷಯ. ಕೀಚಲು ಸದ್ದಿಗೆಂದೇ ಇರುವ ಸಣ್ಣ ಸ್ಪೀಕರ್, ಅಂದ್ರೆ ಟ್ವೀಟರ್‌ನ ಪುಟ್ಟ ಬುರುಡೆ ತಗ್ಗಾದರೆ ಮಾತ್ರ ಸದ್ದು ಕೆಡಬಹುದು. ಅದಕ್ಕೆ ನಾನಂತೂ ಕೈ ಹಾಕಲ್ಲ, ತಿಳಿದವರ ಹತ್ತಿರ ಒಯ್ಯುತ್ತೇನೆ.

ಇಷ್ಟಕ್ಕೂ ಅವತ್ತು ಕೋನ್ ಮೇಲೆ ಒಂದು ರಟ್ಟು ಮುಚ್ಚಿದ್ದರೆ ಸಾಕಿತ್ತು. ಹಿಂದೆ ಅಷ್ಟು ದೊಡ್ಡ ಅಯಸ್ಕಾಂತ ಇರುತ್ತದೆ, ಕಬ್ಬಿಣದ ಬಿಟ್ ಹತ್ತಿರ ಹೋದರೆ ತಾನೇ ಎಳೆದುಕೊಳ್ಳುತ್ತದೆ. ಕೈ ಗಟ್ಟಿ ಇದ್ದರೂ ಅಷ್ಟೇ. ಸ್ಕ್ರೂ ತೂತುಗಳನ್ನು ಗುರುತು ಮಾಡಿಕೊಂಡು, ಸ್ಪೀಕರ್ ಪಕ್ಕಕ್ಕಿಟ್ಟು ಕೊರೆದು, ಮರದ ಹೊಟ್ಟು ಎಲ್ಲ ಗುಡಿಸಿಯೇ ಕೂರಿಸಬೇಕು. ಕಾಯಿಲ್ ಆಡುವ ಸಂದು ಕೂದಲೆಳೆಯಷ್ಟೇ, ಒಂದು ಕಬ್ಬಿಣದ ಚೂರು ಹೊಕ್ಕರೂ ಕರಕರ ಶುರು. ಕೊನೆಯ ಬಿಗಿ ಕೈಯಲ್ಲೇ ಆಗಲಿ, ಜೀಪಿನ ಚಕ್ರದ ನಟ್ ಹಾಗೆ ಎದುರುಬದುರು. ಒಂದೇ ಕಡೆ ಜಗ್ಗಿ ಬಿಗಿದರೆ ಫ್ರೇಮೇ ಸೊಟ್ಟಗಾಗಿ ಕಾಯಿಲ್ ಉಜ್ಜುತ್ತದೆ.

ಈ ಸಲವೂ ಅದೇ ಹುಡುಗನನ್ನೇ ಕರೆಸಿದ್ದೇವೆ. ರಟ್ಟು ನಮ್ಮದೇ, ಸ್ಪೀಕರ್ ಬಂದ ಡಬ್ಬದ್ದು. ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು