ಕೊಳಲೂದುವ ಗರುಡ

ಪ್ರೀತಿಯ ಪುಟ್ಟಿ,

ನೀನು ಬರೆದುಕೊಟ್ಟ ಪಟ್ಟಿಯಲ್ಲಿ ಕ್ಯೋಟೋದ ಚಿನ್ನದ ಗುಡಿಯೇ ಮೊದಲಿತ್ತು. ನಾವು ಇವತ್ತು ಮೊದಲು ಹೋಗಿದ್ದು ಅದೇ ಊರಿನ ಸಂಜುಸಾಂಗೆಂದೋ ಎಂಬ ಬೌದ್ಧ ಗುಡಿಗೆ. ಅರ್ಧ ದಿನ ಅಲ್ಲೇ ಕಳೆಯಿತು. 'ಹೊರಡೋಣ್ವಾ?' ಅಂತ ಅಪ್ಪ ಕೇಳುತ್ತಲೇ ಇದ್ದರು, ನನಗೆ ಕಾಲೇ ಬರಲಿಲ್ಲ. ಶಿಲ್ಪ ಕಲಿಯುತ್ತಿರುವ ನೀನು ಪಕ್ಕದಲ್ಲಿ ಇರಬೇಕಿತ್ತು.

ಹೊರಗಿನಿಂದ ನೋಡಿದರೆ ಅದೊಂದು ಉದ್ದನೆಯ ಮರದ ಕಟ್ಟಡ, ಅಷ್ಟೇ. ಸುಮಾರು 120 ಮೀಟರ್ ಉದ್ದ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಫೋಟೊ ತೆಗೆಯುವಂತಿಲ್ಲ. ಅದಕ್ಕೇ ಈ ಪತ್ರ.

ಒಳಗೆ ಅರೆಗತ್ತಲು. ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೀಯ, ಸಾವಿರದೊಂದು ಮೂರ್ತಿಗಳು! ನಡುವೆ ದೊಡ್ಡದೊಂದು ಕೂತಿದೆ, ಉಳಿದ ಸಾವಿರ ಸಾಲು ಸಾಲಾಗಿ ನಿಂತಿವೆ. ಎಲ್ಲವೂ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ಇಲ್ಲಿಯವರು ಕಾನ್ನೊನ್ ಅನ್ನುತ್ತಾರೆ. ನಿಂತವು ಮನುಷ್ಯರಷ್ಟೇ ಎತ್ತರ, ಮೈತುಂಬ ಚಿನ್ನದ ರೇಕು, ತಲೆಯ ಮೇಲೆ ಪುಟ್ಟ ಪುಟ್ಟ ಮುಖಗಳು. ಸಾವಿರ ಕೈ ಅಂತ ಹೆಸರು, ಇರುವುದು 42. ಮುಗಿದ ಎರಡು ಕೈ ಬಿಟ್ಟರೆ ಉಳಿದ 40ರಲ್ಲಿ ಒಂದೊಂದೂ 25 ಲೋಕಗಳನ್ನು ಕಾಯುತ್ತದಂತೆ. ಸಾವಿರದ ಲೆಕ್ಕ ಅಲ್ಲಿಗೆ ಸರಿಹೋಯಿತು.

1164ರಲ್ಲಿ ಕಟ್ಟಿದ ಗುಡಿ 1249ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಹಳೆಯ ಮೂರ್ತಿಗಳಲ್ಲಿ ಈಗ ಇರುವುದು 124. ಉಳಿದವನ್ನು ಹೊಸದಾಗಿ ಕೆತ್ತಿದರು. ಆ ಕೆಲಸಕ್ಕೆ ಮುಂದಾಳಾಗಿದ್ದವರು ತಾಂಕೇ ಎಂಬ ಶಿಲ್ಪಿ. ನಡುವೆ ಕೂತಿರುವ ದೊಡ್ಡ ಮೂರ್ತಿಯನ್ನು 1254ರಲ್ಲಿ ಮುಗಿಸಿದಾಗ ಅವರಿಗೆ 82 ವರ್ಷ. ಕಟ್ಟಡ ಮತ್ತೆ ಎದ್ದು ನಿಂತದ್ದು 1266ರಲ್ಲಿ. ನಮ್ಮ ಸೋಮನಾಥಪುರವೂ ಹೆಚ್ಚುಕಡಿಮೆ ಅದೇ ಕಾಲದ್ದು, ಅಲ್ವಾ? ಅಲ್ಲಿ ಮೂರ್ತಿಗಳ ಕೆಳಗೆ ಮಲ್ಲಿತಮ್ಮನ ಹೆಸರನ್ನು ನೀನು ಹುಡುಕಿ ಹುಡುಕಿ ಓದಿದ್ದೆ. ಇಲ್ಲೂ ಕೆಲವು ಮೂರ್ತಿಗಳ ಮೇಲೆ ಶಿಲ್ಪಿಗಳ ಹೆಸರು ಇದೆ.

ಇವು ಕಲ್ಲಲ್ಲ, ಹಿನೋಕಿ ಎಂಬ ಜಪಾನಿನ ಸೈಪ್ರಸ್ ಮರ. ಒಂದೇ ದಿಮ್ಮಿಯಲ್ಲಿ ಕೆತ್ತಿದ್ದೂ ಅಲ್ಲ. ತುಂಡುಗಳನ್ನು ಜೋಡಿಸಿ, ಒಳಗೆ ಟೊಳ್ಳು ಮಾಡುತ್ತಾರೆ. ಹಾಗೆ ಮಾಡಿದರೆ ಮರ ಬಿರುಕು ಬಿಡುವುದು ಕಡಿಮೆ, ಹಲವರು ಒಟ್ಟಿಗೆ ಕೆಲಸ ಮಾಡಲೂಬಹುದು.

ನಿನಗೆ ತೋರಿಸಬೇಕು ಅನ್ನಿಸಿದ್ದು ಮಾತ್ರ ಮುಂದಿನ ಸಾಲು. ಅಲ್ಲಿ 28 ಕಾವಲು ದೇವತೆಗಳಿದ್ದಾರೆ. ಬ್ರಹ್ಮ, ಇಂದ್ರ, ಮೂಳೆ ಚಕ್ಕಳವಾದ ವಸು ಋಷಿ, ಎಲ್ಲ ನಮ್ಮವರೇ. ಗರುಡನೂ ಇದ್ದಾನೆ. ಬೇಲೂರಿನ ಗರುಡ ಕೈಮುಗಿದು ನಿಂತಿದ್ದಾನಲ್ಲ, ಇವನು ಕೊಳಲು ಊದುತ್ತಿದ್ದಾನೆ ಕಣೇ! ಮುಖದಲ್ಲಿ ಕೊಕ್ಕು, ಬೆನ್ನಿಗೆ ರೆಕ್ಕೆ, ತಾಳ ಹಾಕಲು ಎತ್ತಿದ ಪಾದ. ಈ ಸಾಲಿನ ಮೂರ್ತಿಗಳ ಕಣ್ಣು ಸ್ಫಟಿಕದ್ದು. ಒಳಗಿನಿಂದ ಕೂರಿಸಿ, ಹಿಂದೆ ಪಾಪೆ ಬರೆದಿರುತ್ತಾರೆ. ಸ್ವಲ್ಪ ಬಗ್ಗಿ ನೋಡಿದರೆ ನೀರು ತುಂಬಿದ ಹಾಗೆ ಹೊಳೆಯುತ್ತವೆ. ನಾನು ಅವನ ಮುಂದಿನಿಂದ ಹೋಗಿ, ಮತ್ತೆ ವಾಪಸ್ ಬಂದು ನೋಡಿದೆ.

ಇಷ್ಟು ಮೂರ್ತಿಗಳನ್ನು ನೋಡಿಕೊಳ್ಳುವುದು ಸುಮ್ನೆ ಮಾತಲ್ಲ. 1973ರಲ್ಲಿ ಶುರುವಾದ ದುರಸ್ತಿ ಮುಗಿದದ್ದು 2017ರಲ್ಲಿ. ನಿನ್ನ ಹಾಗೆ ಕಲಿಯುತ್ತಾ ಕೈಹಾಕಿದವರು ಕೂದಲು ನರೆಯುವವರೆಗೂ ಅದನ್ನೇ ಮಾಡಿರಬೇಕು.

ಮಧ್ಯಾಹ್ನ ಊಟಕ್ಕೆ ಸ್ವಲ್ಪ ಹುಡುಕಾಡಿದೆವು. ಇಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾರು ಹಾಕಿರುತ್ತಾರೆ. ಕೊನೆಗೆ ನಾಂಜೆನ್‌ಜಿ ಗುಡಿಯ ಹತ್ತಿರ ಕಡಲಪಾಚಿಯ ನೀರಲ್ಲಿ ಕುದಿಸಿದ ಬಿಸಿ ತೋಫು ಸಿಕ್ಕಿತು. ಹಿತವಾಗಿತ್ತು. ಸಂಜೆ ಫುಶಿಮಿ ಇನಾರಿ ಗುಡಿಯ ಕೆಂಪು ಕಮಾನುಗಳ ಕೆಳಗೆ ಅರ್ಧ ಬೆಟ್ಟ ಹತ್ತಿ ಇಳಿದೆವು. ಅದರ ಫೋಟೊಗಳನ್ನು ಅಪ್ಪ ಕಳಿಸುತ್ತಾರೆ.

ಇನ್ನೊಂದು ವಿಷಯ. ಸಂಜುಸಾಂಗೆಂದೋದ ಹಿಂದಿನ ಜಗುಲಿಯಲ್ಲಿ ಹಿಂದೆ ಬಿಲ್ಲುಗಾರರ ಪಂದ್ಯ ನಡೆಯುತ್ತಿತ್ತು. 1686ರಲ್ಲಿ ವಾಸಾ ದೈಹಾಚಿರೋ ಎಂಬ ಯುವಕ ಒಂದು ಹಗಲು, ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟು, 8,133 ಬಾಣಗಳನ್ನು ಆ ತುದಿ ಮುಟ್ಟಿಸಿದನಂತೆ. ಈಗ ಪ್ರತಿ ಜನವರಿಯ ನಡುವಿನ ಒಂದು ಭಾನುವಾರ ಅದೇ ಅಂಗಳದಲ್ಲಿ ಇಪ್ಪತ್ತಕ್ಕೆ ಕಾಲಿಟ್ಟ ಹುಡುಗಿಯರು ಕಿಮೋನೋ ಉಟ್ಟು, ಅದರ ಅಗಲ ತೋಳುಗಳನ್ನು ಮೇಲೆತ್ತಿ ಕಟ್ಟಿಕೊಂಡು, 60 ಮೀಟರ್ ದೂರದ ಗುರಿಗೆ ಬಾಣ ಬಿಡುತ್ತಾರೆ. ನಿನಗೂ ಮುಂದಿನ ವರ್ಷ ಇಪ್ಪತ್ತು. ನೋಡಲಾದರೂ ಬರೋಣ. ಪಾಸ್‌ಪೋರ್ಟಿಗೆ ಈ ವಾರವೇ ಅರ್ಜಿ ಹಾಕು, ದುಡ್ಡಿನ ಚಿಂತೆ ನನಗಿರಲಿ.

ನಿನ್ನ,
ಅಮ್ಮ